ಬರೆದವರೇ ಉತ್ತರಿಸಬೇಕು: ಮಂಡ್ಯ ಸೀಮೆಯ ಇಂಗ್ಲಿಷ್ ಎಂ.ಎ. ಡಿಸರ್ಟೇಷನ್ ಮತ್ತು ವೈವಾ

2022ರ ನವೆಂಬರ್ ತಿಂಗಳಲ್ಲಿ ಎರಡು ಸಂಗತಿಗಳು ನಡೆದವು. 7ನೇ ತಾರೀಖು ವಿಶ್ವವಿದ್ಯಾಲಯ ಧನಸಹಾಯ ಆಯೋಗ ಪಿಎಚ್.ಡಿ.ಗೆ ಹೊಸ ನಿಯಮಾವಳಿ ಹೊರಡಿಸಿತು, ಅದರೊಂದಿಗೆ ಎಂ.ಫಿಲ್. ಪದವಿಗೆ ತೆರೆ ಬಿತ್ತು. 30ನೇ ತಾರೀಖು ಚಾಟ್‌ಜಿಪಿಟಿ ಎಂಬ ಬರೆಯುವ ಯಂತ್ರ ಎಲ್ಲರ ಕೈಗೆ ಸಿಕ್ಕಿತು. ಇವೆರಡಕ್ಕೂ ಮಂಡ್ಯ, ಮದ್ದೂರು, ಮಳವಳ್ಳಿಗಳಿಂದ ಇಂಗ್ಲಿಷ್ ಎಂ.ಎ. ಓದಲು ಹೋಗುವ ಹುಡುಗ ಹುಡುಗಿಯರಿಗೂ ನೇರವಾದ ನಂಟಿದೆ. ಸಂಶೋಧನೆ ಎಂದರೇನು, ಪ್ರಶ್ನೆ ಹಾಕಿಕೊಳ್ಳುವುದು ಹೇಗೆ, ಇನ್ನೊಬ್ಬರ ಮಾತನ್ನು ಎಷ್ಟು ತೆಗೆದುಕೊಳ್ಳಬಹುದು ಎಂಬ ಅಕ್ಷರಾಭ್ಯಾಸ ಮೊದಲು ಎಂ.ಫಿಲ್.ನಲ್ಲಿ ನಡೆಯುತ್ತಿತ್ತು. ಆ ಮೆಟ್ಟಿಲು ಈಗಿಲ್ಲ. ಎಂ.ಎ. ಕೊನೆಯ ಸೆಮಿಸ್ಟರಿನಲ್ಲಿ ಬರೆಯುವ ಡಿಸರ್ಟೇಷನ್ ಒಂದೇ ಆ ಕೆಲಸ ಮಾಡಬೇಕಾಗಿದೆ. ಅದೇ ಹೊತ್ತಿಗೆ, ಅದನ್ನು ಕೂತು ಬರೆಯದೆಯೇ ಬರೆದಂತೆ ಒಪ್ಪಿಸುವ ದಾರಿಯೂ ಸಲೀಸಾಗಿದೆ.

ಈ ದತ್ತಿ ಉಪನ್ಯಾಸದ ವಾದ ಇಷ್ಟೇ. ಈ ಎರಡೂ ಬದಲಾವಣೆಗಳ ಭಾರ ಕೊನೆಗೆ ಬಂದು ಬೀಳುವುದು ವೈವಾ ಎಂಬ ಮೌಖಿಕ ಪರೀಕ್ಷೆಯ ಮೇಲೆ. ಆ ಪರೀಕ್ಷೆ ನಿಜವಾದ ಮಾತುಕತೆಯಾಗಬೇಕಾದರೆ ವಿದ್ಯಾರ್ಥಿ ಬರೆದದ್ದರಲ್ಲಿ ಅವನ ಅಥವಾ ಅವಳ ಸ್ವಂತ ಓದು ಇರಬೇಕು. ಮಂಡ್ಯ ಸೀಮೆಯ ವಿದ್ಯಾರ್ಥಿಗೆ ಅಂಥ ಓದಿಗೆ ಬೇಕಾದ ಸಾಮಗ್ರಿ ಊರಿನ ಸುತ್ತಲೇ ಬಿದ್ದಿದೆ.

ಈಗ ನಡೆಯುತ್ತಿರುವ ರೀತಿಯನ್ನು ಮೊದಲು ನೋಡಬೇಕು. ಗೈಡ್ ಹಂಚಿಕೆಯಾಗುತ್ತದೆ, ವಿದ್ಯಾರ್ಥಿ ಸಿನಾಪ್ಸಿಸ್ ಕೊಡುತ್ತಾನೆ. ನಂತರ ಇಂಟರ್ನಲ್ ಪರೀಕ್ಷೆ, ಸೆಮಿನಾರು, ಮನೆಯ ಕೆಲಸ, ಬಿ.ಎಡ್. ಅರ್ಜಿ, ಕೆ-ಸೆಟ್ ತಯಾರಿ ಎಂದು ತಿಂಗಳುಗಳು ಕಳೆಯುತ್ತವೆ. ಕೊನೆಯ ವಾರಗಳಲ್ಲಿ ಡಿಟಿಪಿ ಅಂಗಡಿಯಲ್ಲಿ ಕೂತು ಅಧ್ಯಾಯಗಳನ್ನು ಜೋಡಿಸುವುದು, ಸರ್ಟಿಫಿಕೇಟ್ ಪುಟಕ್ಕೆ ಗೈಡ್ ಸಹಿ, ಡಿಕ್ಲರೇಷನ್ ಪುಟಕ್ಕೆ ತನ್ನ ಸಹಿ, ರಟ್ಟಿನ ಬೈಂಡಿಂಗ್, ಮೇಲೆ ಚಿನ್ನದ ಬಣ್ಣದ ಅಕ್ಷರ. ವೈವಾ ದಿನ ಎಕ್ಸ್‌ಟರ್ನಲ್ ಬರುತ್ತಾರೆ. ಬಹಳ ಕಡೆ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ‘ಈ ವಿಷಯ ಯಾಕೆ ಆರಿಸಿಕೊಂಡಿರಿ’, ‘ನಿಮ್ಮ ಆಬ್ಜೆಕ್ಟಿವ್ಸ್ ಹೇಳಿ’, ‘ಲೇಖಕರ ಬೇರೆ ಕೃತಿಗಳು ಯಾವುವು’. ಬಾಯಿಪಾಠ ಮಾಡಿದ ನಾಲ್ಕು ಇಂಗ್ಲಿಷ್ ವಾಕ್ಯ, ಒಂದು ನಮಸ್ಕಾರ, ಮುಂದಿನವರು.

ಇದರಲ್ಲಿ ವಿದ್ಯಾರ್ಥಿಗಳನ್ನಷ್ಟೇ ದೂರುವುದು ಅನ್ಯಾಯ. ಇವರಲ್ಲಿ ಅನೇಕರು ಮನೆಯಲ್ಲಿ ಮೊದಲ ಬಾರಿಗೆ ಸ್ನಾತಕೋತ್ತರ ಪದವಿಗೆ ಕಾಲಿಟ್ಟವರು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ, ಮದ್ದೂರಿನಲ್ಲೋ ಮಳವಳ್ಳಿಯಲ್ಲೋ ಭಾರತೀನಗರದಲ್ಲೋ ಬಿ.ಎ. ಮುಗಿಸಿ, ಮಂಡ್ಯಕ್ಕೋ ಮೈಸೂರಿಗೋ ದಿನಾ ಓಡಾಡುವವರು. ಮದ್ದೂರಿನವರಿಗೆ ರೈಲುಂಟು, ಮಳವಳ್ಳಿಗೆ ಹಳಿಯೇ ಇಲ್ಲ, ಬಸ್ಸೇ ಗತಿ. ಮಂಡ್ಯದ ಸರ್ಕಾರಿ ಮಹಾವಿದ್ಯಾಲಯವೇ ಬೆಳೆದು 2019ರಲ್ಲಿ ಮಂಡ್ಯ ವಿಶ್ವವಿದ್ಯಾಲಯವಾದದ್ದು ಈ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ದೊಡ್ಡ ಅನುಕೂಲ. ಸಂಜೆ ಮನೆ ಸೇರುವಷ್ಟು ದೂರದಲ್ಲಿ ಎಂ.ಎ. ಇರುವುದಕ್ಕೂ ಹಾಸ್ಟೆಲ್ ಹುಡುಕಬೇಕಾದ ಊರಿನಲ್ಲಿ ಇರುವುದಕ್ಕೂ ಬಡ ಮನೆಯ ಲೆಕ್ಕದಲ್ಲಿ ಅಜಗಜಾಂತರ.

ಇಂಗ್ಲಿಷ್ ಸಾಹಿತ್ಯ ಈ ಸೀಮೆಗೆ ನಿನ್ನೆ ಮೊನ್ನೆ ಬಂದದ್ದಲ್ಲ ಎಂಬುದನ್ನೂ ಈ ಮಕ್ಕಳಿಗೆ ಯಾರಾದರೂ ಹೇಳಬೇಕು. ಮದ್ದೂರಿನ ಎಂ.ಎಲ್. ಶ್ರೀಕಂಠೇಶಗೌಡರು ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ‘ಪ್ರತಾಪರುದ್ರದೇವ’ ಎಂದು ಕನ್ನಡಕ್ಕೆ ತಂದದ್ದು 1895ರಲ್ಲಿ. ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ಅವರ ಕೈಯಲ್ಲಿ ‘ಪ್ರಮೀಳಾರ್ಜುನೀಯ’ವಾಯಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೊಂದು ಪ್ರತ್ಯೇಕ ಅಧ್ಯಯನ ವಿಭಾಗ ಏರ್ಪಟ್ಟದ್ದು ಅದಕ್ಕೆ ಒಂದೇ ವರ್ಷ ಮೊದಲು, 1894ರಲ್ಲಿ. ಕೇಂಬ್ರಿಜ್‌ನಲ್ಲಿ ಆ ಪದವಿ ಪರೀಕ್ಷೆ ಬಂದದ್ದು 1917ರಲ್ಲಿ. ಇಂಗ್ಲಿಷ್ ಸಾಹಿತ್ಯವನ್ನು ಪಠ್ಯವಾಗಿ ಕಲಿಸುವ ಏರ್ಪಾಡು ಇಂಗ್ಲೆಂಡಿಗಿಂತ ಮೊದಲು ಭಾರತದಲ್ಲಿ ಬೇರೂರಿತು ಎಂದು ಗೌರಿ ವಿಶ್ವನಾಥನ್ 1989ರ ‘ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್’ ಪುಸ್ತಕದಲ್ಲಿ ತೋರಿಸಿದರು. ಆಳುವವರ ಅನುಕೂಲಕ್ಕೆ ಬಂದ ಆ ಪಠ್ಯವನ್ನು ಇಲ್ಲಿನವರು ತಮ್ಮ ರಂಗಭೂಮಿಗೆ ಒಗ್ಗಿಸಿಕೊಂಡದ್ದು ಬೇರೆಯೇ ಕಥೆ.

ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ.ಎಂ. ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರು. 1911ರಲ್ಲಿ ಧಾರವಾಡಕ್ಕೆ ಹೋಗಿ ಅವರು ಮಾತನಾಡಿದ್ದು ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು. ಮುಂದೆ ‘ಇಂಗ್ಲಿಷ್ ಗೀತಗಳು’ ಕನ್ನಡ ಕಾವ್ಯದ ದಾರಿಯನ್ನೇ ತಿರುಗಿಸಿತು. ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರೂ ಇಂಗ್ಲಿಷ್ ಮೇಷ್ಟ್ರು. ಷೇಕ್ಸ್‌ಪಿಯರನ ಬಗ್ಗೆ ದೊಡ್ಡ ಪುಸ್ತಕ ಬರೆದದ್ದು ಕನ್ನಡದಲ್ಲಿ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು ರಾಬರ್ಟ್ ಬರ್ನ್ಸ್‌ನ ಪ್ರೇಮಗೀತೆಗಳನ್ನು ಅನುವಾದಿಸಿದರು. ಇವರೆಲ್ಲ ಇಂಗ್ಲಿಷ್ ಓದಿದ್ದು ಒಂದು ಭಾಷೆಯಲ್ಲಿ, ಅದನ್ನು ಕುರಿತು ಯೋಚಿಸಿದ್ದು ಎರಡು ಭಾಷೆಗಳಲ್ಲಿ. ಇಂದಿನ ಎಂ.ಎ. ವಿದ್ಯಾರ್ಥಿ ಮಾಡುವುದೂ ಅದನ್ನೇ. ಆದರೆ ಅವನಿಗೆ ಅದೊಂದು ಕೊರತೆ ಎಂಬ ಭಾವನೆ ಬಂದುಬಿಟ್ಟಿದೆ. ಕನ್ನಡ ಮಾಧ್ಯಮದಿಂದ ಬಂದೆ ಎಂದು ತಲೆ ತಗ್ಗಿಸಿ ಹೇಳುವುದನ್ನು ಕೇಳಿದಾಗ ಸಂಕಟವಾಗುತ್ತದೆ.

ವಿಷಯದ ಆಯ್ಕೆಯಲ್ಲೇ ಈ ಹಿಂಜರಿಕೆ ಕಾಣಿಸುತ್ತದೆ. ಯಾವುದೋ ಪ್ರಸಿದ್ಧ ಕಾದಂಬರಿಯಲ್ಲಿ ‘ಸ್ತ್ರೀವಾದ’, ಇನ್ಯಾವುದೋ ಕಾದಂಬರಿಯಲ್ಲಿ ‘ಅಸ್ಮಿತೆಯ ಹುಡುಕಾಟ’ ಎಂಬ ಶೀರ್ಷಿಕೆಗಳು ವರ್ಷದಿಂದ ವರ್ಷಕ್ಕೆ ದಾಟುತ್ತಾ ಬರುತ್ತವೆ. ಆ ವಿಷಯಗಳು ಮುಖ್ಯವಲ್ಲ ಎಂದಲ್ಲ. ಸಾವಿರ ಜನ ಬರೆದ ಶೀರ್ಷಿಕೆಗೆ ಸಾವಿರದ ಒಂದನೆಯವರು ಹೊಸದಾಗಿ ಏನು ಸೇರಿಸುತ್ತಾರೆ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಡಿಸರ್ಟೇಷನ್‌ಗೆ ಬೇಕಾದದ್ದು ಕಿರಿದಾದ, ಉತ್ತರ ಸಿಗಬಹುದಾದ ಒಂದು ಪ್ರಶ್ನೆ. ಐವತ್ತು ಅರವತ್ತು ಪುಟಗಳಲ್ಲಿ ಸ್ತ್ರೀವಾದಕ್ಕೆ ನ್ಯಾಯ ಒದಗಿಸಲಾಗದು. ಒಂದು ಕಾದಂಬರಿಯ ಮೂರು ದೃಶ್ಯಗಳಲ್ಲಿ ಮನೆಯ ಹೆಂಗಸರು ಯಾವಾಗ ಮಾತನಾಡುತ್ತಾರೆ, ಯಾವಾಗ ಸುಮ್ಮನಾಗುತ್ತಾರೆ ಎಂಬುದಕ್ಕೆ ಒದಗಿಸಬಹುದು.

ಮಂಡ್ಯದ ವಿದ್ಯಾರ್ಥಿಗೆ ಮಾತ್ರ ಸುಲಭವಾಗಿ ಹೊಳೆಯಬಹುದಾದ ಪ್ರಶ್ನೆಗಳಿವೆ. ಸ್ಯಾಮುಯೆಲ್ ಸೆಲ್ವನ್ ಟ್ರಿನಿಡಾಡ್‌ನ ಲೇಖಕ. ಅವರ 1957ರ ‘ವೇಸ್ ಆಫ್ ಸನ್‌ಲೈಟ್’ ಸಂಕಲನದಲ್ಲಿ ‘ಕೇನ್ ಈಸ್ ಬಿಟರ್’ ಎಂಬ ಕಥೆಯಿದೆ. ಓದಲು ಊರು ಬಿಟ್ಟ ರೊಮೇಶ್ ಎಂಬ ಹುಡುಗ ಕಬ್ಬಿನ ಹಳ್ಳಿಗೆ ವಾಪಸು ಬರುತ್ತಾನೆ. ಕಟಾವಿನ ಕಾಲ. ಓದು ಮಗನನ್ನು ಕೆಡಿಸಿತು ಎಂಬ ಅನುಮಾನ ಮನೆಯವರಿಗೆ; ಮದುವೆ ಮಾಡಿ ಇಲ್ಲೇ ನಿಲ್ಲಿಸುವ ಯೋಚನೆ ಅವರದು. ಕರಾರಿನ ಕೂಲಿಗಳಾಗಿ 1845ರಿಂದ 1917ರವರೆಗೆ ಹಡಗೇರಿದ ಭಾರತೀಯರ ಮೊಮ್ಮಕ್ಕಳ ಕಥೆ ಅದು. ಪೋಸ್ಟ್‌ಕಲೋನಿಯಲ್ ಪತ್ರಿಕೆಗೆ ಇಂಥದ್ದನ್ನು ಓದುವ ದೆಹಲಿಯ ವಿದ್ಯಾರ್ಥಿಗೆ ಕಬ್ಬು ಒಂದು ಸಂಕೇತ. ಮಂಡ್ಯದ ವಿದ್ಯಾರ್ಥಿಗೆ ಅದು ಬೆಳೆ. ಸೋಗೆಯ ಅಂಚು ಕೈ ಕೊಯ್ಯುವುದು, ಬೆಂಕಿ ಬಿದ್ದರೆ ತೂಕ ಇಳಿಯುವುದು, ಕಟಾವು ತಡವಾದರೆ ಆಗುವ ನಷ್ಟ ಅವನಿಗೆ ಗೊತ್ತು. ಹಾಗೆಂದು ಎರಡೂ ಒಂದೇ ಎಂದು ಬರೆದರೆ ತಪ್ಪು. ಟ್ರಿನಿಡಾಡ್‌ನ ಕೂಲಿ ದುಡಿದದ್ದು ಇನ್ನೊಬ್ಬರ ಎಸ್ಟೇಟಿನಲ್ಲಿ. ಕೃಷ್ಣರಾಜಸಾಗರದ ನಾಲೆ ನೀರು ಬಂದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ ಮೇಲೆ ಮಂಡ್ಯದ ರೈತ ಕಬ್ಬು ಬೆಳೆದದ್ದು ತನ್ನ ತುಂಡು ಜಮೀನಿನಲ್ಲಿ. ಒಬ್ಬನ ಬೇಗುದಿ ಕೂಲಿಯದು, ಇನ್ನೊಬ್ಬನದು ಬೆಲೆ ಮತ್ತು ಬಾಕಿಯದು. ಈ ವ್ಯತ್ಯಾಸವನ್ನು ಹಿಡಿದು ಸೆಲ್ವನ್‌ನ ಕಥೆಯಲ್ಲಿ ನೆಲದ ಮೇಲಿನ ಮಮತೆ ಏಕೆ ಹಾಗೆ ಕಹಿಯಾಗಿದೆ ಎಂದು ಕೇಳಿದರೆ ಒಳ್ಳೆಯ ಅಧ್ಯಾಯವೊಂದು ಹುಟ್ಟುತ್ತದೆ.

ಮಳವಳ್ಳಿ ಕಡೆಯವರಿಗೆ ಬೇರೆ ಸಂಪತ್ತು. ಮಂಟೇಸ್ವಾಮಿ ಪರಂಪರೆಯ ಮಠವಿರುವ ಬೊಪ್ಪೇಗೌಡನಪುರ ಆ ತಾಲ್ಲೂಕಿನದು. ತಂಬೂರಿ ಹಿಡಿದು ರಾತ್ರಿಯಿಡೀ ಕಥೆ ಹೇಳುವ ನೀಲಗಾರರನ್ನು ಕೇಳಿ ಬೆಳೆದವರು ಅಲ್ಲಿದ್ದಾರೆ. ಹಾಡುಗಾರ ಸಾವಿರಾರು ಸಾಲುಗಳನ್ನು ಹೇಗೆ ನೆನಪಿಡುತ್ತಾನೆ, ಎಷ್ಟನ್ನು ಆ ಕ್ಷಣದಲ್ಲಿ ಕಟ್ಟುತ್ತಾನೆ ಎಂಬುದನ್ನು ಯುಗೊಸ್ಲಾವಿಯದ ಗಾಯಕರ ಮೂಲಕ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಅಧ್ಯಯನ ಮಾಡಿದರು; ಲಾರ್ಡ್‌ನ ‘ದಿ ಸಿಂಗರ್ ಆಫ್ ಟೇಲ್ಸ್’ 1960ರಲ್ಲಿ ಬಂತು. ಹೋಮರ್‌ನನ್ನು ಅರಿಯಲು ಕಟ್ಟಿದ ಆ ವಾದವನ್ನು ನೀಲಗಾರರ ಒಂದು ರಾತ್ರಿಯ ಹಾಡಿನ ಎದುರು ಇಟ್ಟು ಪರೀಕ್ಷಿಸುವುದು ಇಂಗ್ಲಿಷ್ ವಿಭಾಗದ ಕೆಲಸವೇ. 1968ರಲ್ಲಿ ನೈರೋಬಿ ವಿಶ್ವವಿದ್ಯಾಲಯದಲ್ಲಿ ಗೂಗಿ ವಾ ಥಿಯೊಂಗೊ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಇಂಗ್ಲಿಷ್ ವಿಭಾಗವನ್ನೇ ಕೈಬಿಟ್ಟು ಆಫ್ರಿಕದ ಸಾಹಿತ್ಯವನ್ನು, ಮೌಖಿಕ ಪರಂಪರೆಯನ್ನು ನಡುವೆ ಇಡಬೇಕೆಂದು ಕೇಳಿದ್ದರು. ಮಂಡ್ಯದಲ್ಲಿ ವಿಭಾಗವನ್ನು ಮುಚ್ಚುವ ಅಗತ್ಯವಿಲ್ಲ. ಬಾಗಿಲು ತೆರೆದಿಟ್ಟರೆ ಸಾಕು. ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ಟರು ಮಲೆಮಾದೇಶ್ವರ ಕಾವ್ಯವನ್ನು ಇಂಗ್ಲಿಷಿಗೆ ತಂದು ಅಂಥ ಕೆಲಸ ಹೇಗಿರಬೇಕೆಂಬ ಮಾದರಿಯನ್ನೂ ಕೊಟ್ಟಿದ್ದಾರೆ. ಹಾಡುಗಾರರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿಕೊಳ್ಳುವುದು, ಅವರ ಹೆಸರನ್ನು ಗ್ರಂಥಕರ್ತರ ಸಾಲಿನಲ್ಲೇ ಬರೆಯುವುದು, ಕನ್ನಡ ಸಾಲನ್ನು ಲಿಪ್ಯಂತರದಲ್ಲಿ ಕೊಟ್ಟು ಕೆಳಗೆ ತನ್ನ ಅನುವಾದ ಇಡುವುದು ಇಲ್ಲಿ ಪಾಲಿಸಬೇಕಾದ ಶಿಸ್ತು.

ಬೆಸಗರಹಳ್ಳಿ ರಾಮಣ್ಣನವರ ‘ಗಾಂಧಿ’ ಕಥೆಯನ್ನು ಇನ್ನೊಬ್ಬ ವೈದ್ಯ ಲೇಖಕ ವಿಲಿಯಂ ಕಾರ್ಲೋಸ್ ವಿಲಿಯಮ್ಸ್‌ನ ವೈದ್ಯವೃತ್ತಿಯ ಕಥೆಗಳ ಪಕ್ಕದಲ್ಲಿಟ್ಟು ಓದಬಹುದು. ಶ್ರೀಕಂಠೇಶಗೌಡರ ‘ಪ್ರತಾಪರುದ್ರದೇವ’ದಿಂದ ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ದವರೆಗೆ ಮ್ಯಾಕ್‌ಬೆತ್ ಕನ್ನಡದಲ್ಲಿ ಏನೇನಾದ ಎಂದು ನೋಡಬಹುದು, ಎರಡನೆಯದನ್ನು ಹುಲುಗಪ್ಪ ಕಟ್ಟೀಮನಿಯವರು ಜೈಲಿನ ಕೈದಿಗಳಿಂದಲೇ ಆಡಿಸಿದರು. ಕೊಲೆಯ ಪಾಪಪ್ರಜ್ಞೆಯ ನಾಟಕವನ್ನು ಶಿಕ್ಷೆ ಅನುಭವಿಸುತ್ತಿರುವವರು ಆಡಿದಾಗ ಪಠ್ಯ ಹೇಗೆ ಬದಲಾಗುತ್ತದೆ ಎಂಬ ಪ್ರಶ್ನೆ ಯಾವ ದೇಶದ ವಿಭಾಗಕ್ಕೂ ಗೌರವ ತರುವಂಥದ್ದು.

ಇವೆಲ್ಲಕ್ಕಿಂತ ವಿಸ್ತಾರವಾಗಿ ಚರ್ಚಿಸಬೇಕಾದ ಉದಾಹರಣೆ ‘ಕಾಂತಾಪುರ’. ರಾಜಾರಾವ್ ಹುಟ್ಟಿದ್ದು ಹಾಸನದಲ್ಲಿ, ಕಾದಂಬರಿ ಬರೆದದ್ದು ಫ್ರಾನ್ಸ್‌ನಲ್ಲಿ, ಅದು ಅಚ್ಚಾದದ್ದು 1938ರಲ್ಲಿ ಲಂಡನ್ನಿನಲ್ಲಿ. ಘಟ್ಟದ ಸೆರಗಿನ ಹಳ್ಳಿಯೊಂದಕ್ಕೆ ಗಾಂಧಿ ಎಂಬ ಹೆಸರು ಬಂದು ಸೇರುವ ಕಥೆಯನ್ನು ಅಚ್ಚಕ್ಕ ಎಂಬ ಮುದುಕಿ ಹರಿಕಥೆಯ ಓಟದಲ್ಲಿ ಹೇಳುತ್ತಾಳೆ. ಅದೇ 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ನಿಷೇಧಾಜ್ಞೆಯಿದ್ದರೂ ಮೈಸೂರು ಕಾಂಗ್ರೆಸ್ಸಿನವರು ಧ್ವಜ ಹಾರಿಸಿದರು, ಟಿ. ಸಿದ್ಧಲಿಂಗಯ್ಯನವರು ಮತ್ತು ಇತರ ನಾಯಕರು ಬಂಧನಕ್ಕೊಳಗಾದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಹೆದ್ದಾರಿಯಲ್ಲಿ ಶಿವಪುರದ ಸತ್ಯಾಗ್ರಹ ಸೌಧವನ್ನು ದಿನವೂ ದಾಟಿ ಹೋಗುವ ವಿದ್ಯಾರ್ಥಿನಿಯೊಬ್ಬಳು ಕಾದಂಬರಿಯನ್ನೂ ಶಿವಪುರವನ್ನೂ ಜೋಡಿಸಿ ಬರೆಯಲು ಹೊರಟಳು ಎಂದುಕೊಳ್ಳಿ. ಮೊದಲ ಹೆಜ್ಜೆಯಲ್ಲೇ ಒಂದು ಗುಂಡಿ ಕಾದಿದೆ: ರಾಜಾರಾವ್‌ಗೆ ಸ್ಫೂರ್ತಿ ಕೊಟ್ಟದ್ದು ಶಿವಪುರ ಎಂದು ಬರೆದುಬಿಡುವ ಆಸೆ. ಕಾದಂಬರಿಯ ಕಥಾಕಾಲ 1930ರ ದಂಡಿ ಯಾತ್ರೆಯ ಆಸುಪಾಸು. ಲೇಖಕ 1929ರಿಂದ ಫ್ರಾನ್ಸ್‌ನಲ್ಲಿದ್ದವರು. ಶಿವಪುರ ಅದಕ್ಕೆ ಮೂಲವಾಗುವುದು ಸಾಧ್ಯವಿಲ್ಲ.

ಸ್ಫೂರ್ತಿಯ ಮಾತನ್ನು ಕೈಬಿಟ್ಟ ಮೇಲೆಯೇ ನಿಜವಾದ ಪ್ರಶ್ನೆ ಎದ್ದು ಬರುತ್ತದೆ. ಕಾಂತಾಪುರದವರು ಎದುರಿಸುವುದು ಬಿಳಿಯರ ಸರ್ಕಾರವನ್ನು. ಶಿವಪುರದಲ್ಲಿ ನಿಷೇಧ ಹೊರಡಿಸಿದ್ದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತ, ಅಂದರೆ ಮಹಾರಾಜರ ಸರ್ಕಾರ. ಇದೇ ಮಹಾರಾಜರ ಕಾಲದಲ್ಲಿ ಕಟ್ಟಿದ ಅಣೆಕಟ್ಟೆಯ ನೀರು ಜಿಲ್ಲೆಯ ಗದ್ದೆಗಳಿಗೆ ಹರಿದಿತ್ತು. ಅನ್ನ ಕೊಟ್ಟ ದೊರೆಯ ಆಳ್ವಿಕೆಯಲ್ಲಿ ಕಾನೂನು ಮುರಿಯುವುದಕ್ಕೂ ದೂರದ ಸಾಮ್ರಾಜ್ಯದ ವಿರುದ್ಧ ನಿಲ್ಲುವುದಕ್ಕೂ ಮನಸ್ಸಿನೊಳಗೆ ಎಷ್ಟು ದೂರ? ರಾಜಾರಾವ್ ಸಂಸ್ಥಾನದ ಈ ತೊಡಕನ್ನು ಕಾದಂಬರಿಯಿಂದ ಹೊರಗಿಟ್ಟದ್ದರಿಂದ ಕಥೆಗೆ ಪುರಾಣದ ಸರಳತೆ ಬಂತೇ? ಕೆಂಚಮ್ಮ ಕಾಯುವ ಊರು, ರಾವಣನಂಥ ದೊರೆತನ, ರಾಮನಂಥ ಗಾಂಧಿ ಎಂಬ ಜೋಡಣೆ ಸಂಸ್ಥಾನದ ಪ್ರಜೆಗೆ ಅಷ್ಟು ಸಲೀಸಾಗಿ ಒದಗುತ್ತಿತ್ತೇ? ಹೀಗೆ ಕೇಳುವ ವಿದ್ಯಾರ್ಥಿನಿ ಕಾದಂಬರಿಯನ್ನು ಊರಿನ ಹೆಮ್ಮೆಗಾಗಿ ಬಳಸುತ್ತಿಲ್ಲ. ಊರಿನ ಚರಿತ್ರೆಯನ್ನು ಹಿಡಿದು ಕಾದಂಬರಿಯನ್ನು ಹತ್ತಿರದಿಂದ ಓದುತ್ತಿದ್ದಾಳೆ.

ಬರವಣಿಗೆಯ ವಿಚಾರಕ್ಕೆ ಬಂದರೆ, ಕೆಲವು ರೂಢಿಗಳನ್ನು ಬಿಡುವುದು ಒಳ್ಳೆಯದು. ಮೊದಲ ಅಧ್ಯಾಯವಿಡೀ ಲೇಖಕರ ಹುಟ್ಟು, ಶಾಲೆ, ಪ್ರಶಸ್ತಿಗಳ ಪಟ್ಟಿಯಾಗುವುದು ದಂಡ. ಎರಡನೆಯ ಅಧ್ಯಾಯದಲ್ಲಿ ಸಿದ್ಧಾಂತವನ್ನು ಪಠ್ಯಪುಸ್ತಕದಂತೆ ವಿವರಿಸಿ, ಮೂರನೆಯದರಲ್ಲಿ ಕಥಾಸಾರ ಹೇಳಿದರೆ ಸಿದ್ಧಾಂತಕ್ಕೂ ಕಥೆಗೂ ಭೇಟಿಯೇ ಆಗುವುದಿಲ್ಲ. ಮೂಲ ಕೃತಿಯನ್ನು ಎರಡು ಸಲ ಓದಿ, ಕಾಡಿದ ಪುಟಗಳ ಮೇಲೆ ಟಿಪ್ಪಣಿ ಮಾಡಿ, ಆ ಟಿಪ್ಪಣಿಯಿಂದ ಪ್ರಶ್ನೆ ಎಬ್ಬಿಸಿ, ಆಮೇಲೆ ವಿಮರ್ಶಕರ ಹತ್ತಿರ ಹೋಗುವುದು ಸರಿಯಾದ ಕ್ರಮ. ಕೇಂಬ್ರಿಜ್‌ನಲ್ಲಿ ಐ.ಎ. ರಿಚರ್ಡ್ಸ್ ಕವಿಗಳ ಹೆಸರು ಮುಚ್ಚಿಟ್ಟು ಪದ್ಯ ಕೊಟ್ಟು ವಿದ್ಯಾರ್ಥಿಗಳಿಂದ ಬರೆಸಿದ ಪ್ರಯೋಗ 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಪುಸ್ತಕವಾಯಿತು. ಎಫ್.ಆರ್. ಲೀವಿಸ್ ಹತ್ತಿರ ಓದಿ ಬಂದ ಸಿ.ಡಿ. ನರಸಿಂಹಯ್ಯನವರು ಆ ಹತ್ತಿರದ ಓದಿನ ಪದ್ಧತಿಯನ್ನು ಮೈಸೂರಿನಲ್ಲಿ ಬೆಳೆಸಿದರು. 1952ರಲ್ಲಿ ‘ದಿ ಲಿಟರರಿ ಕ್ರೈಟೀರಿಯನ್’ ಪತ್ರಿಕೆ, 1979ರಲ್ಲಿ ಧ್ವನ್ಯಾಲೋಕ ಅವರಿಂದ ಬಂದವು. ಮಂಡ್ಯದಿಂದ ನಲವತ್ತೈದು ಕಿಲೋಮೀಟರಿನಷ್ಟೇ ದೂರದ ಈ ಪರಂಪರೆ ಇಲ್ಲಿನ ತರಗತಿಗಳಿಗೂ ಸೇರಿದ್ದು.

ವಾದವನ್ನು ಮೊದಲು ಕನ್ನಡದಲ್ಲಿ ಒಂದು ಪುಟ ಬರೆದುಕೊಳ್ಳುವುದು ಬಹಳ ಉಪಯೋಗದ ಅಭ್ಯಾಸ. ಕನ್ನಡದಲ್ಲಿ ಬರೆದಾಗ ಟೊಳ್ಳು ಮಾತು ಅಲ್ಲೇ ಗೊತ್ತಾಗುತ್ತದೆ, ಏಕೆಂದರೆ ಅರ್ಥವಾಗದ ಪದದ ಹಿಂದೆ ಅಡಗಿಕೊಳ್ಳಲು ಸ್ವಂತ ಭಾಷೆಯಲ್ಲಿ ಜಾಗವಿಲ್ಲ. ಆಮೇಲೆ ಇಂಗ್ಲಿಷಿಗೆ ಹೋದರೆ ವಾಕ್ಯ ಚಿಕ್ಕದಿರಬಹುದು, ಆದರೆ ಒಳಗೆ ಕಾಳಿರುತ್ತದೆ. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್.ಡಿ. ಪ್ರಬಂಧವನ್ನು ಇಂಗ್ಲಿಷ್‌ನಲ್ಲಿ ಬರೆಯುತ್ತಿದ್ದ ವರ್ಷಗಳಲ್ಲೇ ‘ಸಂಸ್ಕಾರ’ ಬರೆದರು. ಎರಡು ಭಾಷೆ ಒಂದರ ಕಾಲಿಗೆ ಒಂದು ತೊಡರಾಗಲಿಲ್ಲ.

ಕೃತಿಚೌರ್ಯದ ನಿಯಮ ಎಂ.ಎ. ಮಟ್ಟಕ್ಕೂ ಅನ್ವಯಿಸುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ಶೇ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಶೇ 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಒಪ್ಪಿಸಬೇಕು. ಶೇ 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಒಪ್ಪಿಸುವಂತಿಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು. ಆದರೆ ತಂತ್ರಾಂಶ ಹೋಲಿಸುವುದು ಪದಗಳನ್ನು. ಕನ್ನಡ ವಿಮರ್ಶೆಯ ಪುಟವೊಂದನ್ನು ಇಂಗ್ಲಿಷಿಗೆ ತಿರುಗಿಸಿ ತನ್ನದೆಂದು ಇಟ್ಟರೆ ಆ ಕಳವು ಸಾಮಾನ್ಯವಾಗಿ ತಂತ್ರಾಂಶಕ್ಕೆ ಸಿಗುವುದಿಲ್ಲ. ಯಂತ್ರ ಹೊಸದಾಗಿ ಹೆಣೆದುಕೊಟ್ಟ ಪುಟವೂ ಹಾಗೆಯೇ ಜಾರಿಕೊಳ್ಳಬಹುದು. ಹತ್ತು ಎಂಬ ಅಂಕಿಯನ್ನು ಮುಟ್ಟಿಸಲು ಪದಗಳನ್ನು ಅದಲುಬದಲು ಮಾಡುವುದನ್ನೇ ಸಂಶೋಧನೆ ಎಂದು ಕಲಿಸಿದರೆ ಆ ಮಗುವಿಗೆ ದ್ರೋಹ ಮಾಡಿದಂತೆ. ಪುಟ ಯಾರದು ಎಂದು ತಿಳಿಯಲು ಎದುರು ಕೂತು ಕೇಳಬೇಕು.

ವೈವಾ ಮುಖ್ಯವಾಗುವುದು ಇಲ್ಲಿ. ಭಾರತೀಯ ತರ್ಕಶಾಸ್ತ್ರ ಚರ್ಚೆಯನ್ನು ಮೂರು ಬಗೆ ಮಾಡಿತು: ಸತ್ಯ ತಿಳಿಯಲು ಆಡುವ ವಾದ, ಗೆಲ್ಲಲು ಆಡುವ ಜಲ್ಪ, ತನ್ನ ನಿಲುವಿಲ್ಲದೆ ಎದುರಾಳಿಯನ್ನು ಕೆಡವುವ ವಿತಂಡ. ಪರೀಕ್ಷಾ ಕೊಠಡಿಯಲ್ಲಿ ನಡೆಯಬೇಕಾದದ್ದು ಮೊದಲನೆಯದು. ಎದುರು ಪಕ್ಷವನ್ನು ನ್ಯಾಯವಾಗಿ ಮಂಡಿಸಿ ಆಮೇಲೆ ತನ್ನ ಸಿದ್ಧಾಂತ ಹೇಳುವ ಪೂರ್ವಪಕ್ಷದ ಪದ್ಧತಿ ಇಂದಿಗೂ ಒಳ್ಳೆಯ ಡಿಸರ್ಟೇಷನ್ನಿನ ಜೀವಾಳ. ನೆದರ್ಲೆಂಡ್ಸ್ ಮತ್ತು ಸ್ವೀಡನ್ನಿನಲ್ಲಿ ಡಾಕ್ಟರೇಟ್ ಪ್ರಬಂಧದ ಸಮರ್ಥನೆ ಸಾರ್ವಜನಿಕವಾಗಿ ನಡೆಯುತ್ತದೆ. ಮನೆಯವರು, ಗೆಳೆಯರು, ಯಾರು ಬೇಕಾದರೂ ಬಂದು ಕೂರಬಹುದು. ಮಂಡ್ಯದ ಎಂ.ಎ. ವೈವಾಗೆ ಕೊನೆಯ ಪಕ್ಷ ಮೊದಲ ವರ್ಷದ ವಿದ್ಯಾರ್ಥಿಗಳನ್ನಾದರೂ ಹಿಂದಿನ ಬೆಂಚಿನಲ್ಲಿ ಕೂರಿಸಬೇಕು. ಸೀನಿಯರ್ ಅಕ್ಕ ಒಂದು ಪ್ರಶ್ನೆಗೆ ತಡವರಿಸಿ, ಸುಧಾರಿಸಿಕೊಂಡು, ಪುಟ ತೆರೆದು ಉತ್ತರ ಕೊಟ್ಟದ್ದನ್ನು ನೋಡಿದ ಹುಡುಗಿಗೆ ಮುಂದಿನ ವರ್ಷ ಅರ್ಧ ಭಯ ಕಡಿಮೆ.

ಪ್ರಶ್ನೆಗಳು ಹೇಗಿರಬೇಕು? ಕಾಂತಾಪುರ–ಶಿವಪುರದ ವಿದ್ಯಾರ್ಥಿನಿಯ ಮುಂದೆ ಬಂದು ಕೂತ ಒಳ್ಳೆಯ ಎಕ್ಸ್‌ಟರ್ನಲ್ ಆಬ್ಜೆಕ್ಟಿವ್ಸ್ ಕೇಳುವುದಿಲ್ಲ. ‘ಮೂವತ್ನಾಲ್ಕನೇ ಪುಟ ತೆಗೆಯಮ್ಮ, ಆ ಉದ್ಧರಣೆಯನ್ನೊಮ್ಮೆ ಓದು, ಅದರಲ್ಲಿ ಅಚ್ಚಕ್ಕನ ದನಿ ಎಲ್ಲಿ ಬದಲಾಗುತ್ತದೆ?’ ಎನ್ನುತ್ತಾರೆ. ‘ಧ್ವಜ ಸತ್ಯಾಗ್ರಹ ಮೊದಲೋ ಕಾದಂಬರಿ ಮೊದಲೋ? ಒಂದಕ್ಕೊಂದು ಸಂಬಂಧ ಏನೆಂದು ನೀನು ಹೇಳುತ್ತಿದ್ದೀಯ?’ ಎನ್ನುತ್ತಾರೆ. ‘ನಿನ್ನ ವಾದಕ್ಕೆ ಒಪ್ಪದ ಒಂದು ದೃಶ್ಯ ಇದೇ ಕಾದಂಬರಿಯಲ್ಲಿ ತೋರಿಸು’ ಎನ್ನುತ್ತಾರೆ. ಮೂರನೆಯದು ಕಠಿಣ, ಆದರೆ ಮೂರರಲ್ಲಿ ಅತ್ಯಂತ ಪ್ರೀತಿಯ ಪ್ರಶ್ನೆ ಅದೇ. ಕೃತಿಯನ್ನು ಓದಿದವಳು ಉತ್ತರಿಸುತ್ತಾಳೆ; ಸಾರಾಂಶ ಓದಿದವಳಿಗೆ ಆಗದು.

ಉತ್ತರ ಯಾವ ಭಾಷೆಯಲ್ಲಿ? ಪದವಿ ಇಂಗ್ಲಿಷಿನದು, ಆದ್ದರಿಂದ ಉತ್ತರ ಕೊನೆಗೆ ಇಂಗ್ಲಿಷಿಗೆ ಬರಲೇಬೇಕು. ಆದರೆ ಮಾತು ಗಂಟಲಲ್ಲಿ ಸಿಕ್ಕಿಕೊಂಡ ವಿದ್ಯಾರ್ಥಿನಿಗೆ ‘ಮೊದಲು ಕನ್ನಡದಲ್ಲಿ ಹೇಳಮ್ಮ, ಆಮೇಲೆ ಇಂಗ್ಲಿಷಿನಲ್ಲಿ ಹೇಳು’ ಎನ್ನುವ ಔದಾರ್ಯ ಪರೀಕ್ಷಕರಲ್ಲಿ ಇರಬೇಕು. ಇಲ್ಲದಿದ್ದರೆ ನಗರದ ಕಾನ್ವೆಂಟಿನ ಉಚ್ಚಾರಣೆಗೆ ಅಂಕ ಬೀಳುತ್ತದೆ, ಓದಿಗಲ್ಲ. ಬಿ.ಎಂ.ಶ್ರೀ, ಮೂರ್ತಿರಾಯರಂಥ ಮೇಷ್ಟ್ರುಗಳನ್ನು ಕೊಟ್ಟ ಜಿಲ್ಲೆಯಲ್ಲಿ ಇಂಗ್ಲಿಷ್ ವಿಭಾಗದ ಕೊಠಡಿಯೊಳಗೆ ಎರಡು ನಿಮಿಷ ಕನ್ನಡ ಕೇಳಿಸಿದರೆ ಶಿಸ್ತು ಮುರಿಯುವುದಿಲ್ಲ. ‘ಇದು ನನಗೆ ಗೊತ್ತಿಲ್ಲ ಮೇಡಂ, ಈ ಕಡೆಯಿಂದ ನಾನು ಯೋಚಿಸಿರಲಿಲ್ಲ’ ಎಂಬ ಮಾತಿಗೂ ಅಂಕ ಇರಬೇಕು. ಸಂಶೋಧಕರಿಗೆ ಮೊದಲು ಬೇಕಾದ ಗುಣವೇ ಅದು.

ಇದಕ್ಕೆಲ್ಲ ಸಮಯ ಬೇಕು, ಮತ್ತು ಸಮಯವನ್ನು ಆಡಳಿತ ಕೊಡಬೇಕು. ಒಬ್ಬ ಗೈಡ್ ತಲೆಯ ಮೇಲೆ ಹೊರಲಾರದಷ್ಟು ವಿದ್ಯಾರ್ಥಿಗಳನ್ನು ಹೇರಿ, ಒಂದೇ ದಿನದಲ್ಲಿ ಇಡೀ ತರಗತಿಯ ವೈವಾ ಮುಗಿಸಿ ಎಂದರೆ ಮೇಲೆ ಹೇಳಿದ ಯಾವ ಪ್ರಶ್ನೆಯೂ ಕೇಳಲಾಗದು. ತಾತ್ಕಾಲಿಕ ವೇತನದ ಅತಿಥಿ ಉಪನ್ಯಾಸಕರ ಮೇಲೆ ಈ ಕೆಲಸ ಬಿದ್ದಾಗ ಅದಕ್ಕೆ ತಕ್ಕ ಗಂಟೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕನಿಷ್ಠ ನ್ಯಾಯ. ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಎಂಬ ಭಂಡಾರವಿದೆ, ಎಂ.ಎ. ಡಿಸರ್ಟೇಷನ್‌ಗಳು ವಿಭಾಗದ ಬೀರುವಿನಲ್ಲಿ ಧೂಳು ತಿನ್ನುತ್ತವೆ. ಅವುಗಳಲ್ಲಿ ಒಳ್ಳೆಯವನ್ನು ವಿಶ್ವವಿದ್ಯಾಲಯದ ಗ್ರಂಥಾಲಯ ಸ್ಕ್ಯಾನ್ ಮಾಡಿ ಇಟ್ಟರೆ ಮುಂದಿನವರು ಅದೇ ಶೀರ್ಷಿಕೆಯನ್ನು ಮತ್ತೆ ಬರೆಯುವುದು ತಪ್ಪುತ್ತದೆ. ಅವನ್ನು ಯಾರಾದರೂ ಓದುತ್ತಾರೆ ಎಂದು ಗೊತ್ತಾದರೆ ಬರೆಯುವವರ ಕೈಯೂ ಬಿಗಿಯಾಗುತ್ತದೆ.

ವೈವಾ ಮುಗಿಸುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದಿದೆ: ಇನ್ನೂ ಒಂದು ವರ್ಷ ಸಿಕ್ಕರೆ ಈ ಕೆಲಸವನ್ನು ಎಲ್ಲಿಗೆ ಒಯ್ಯುತ್ತೀರಿ? ಕಬ್ಬಿನ ಕಥೆ ಓದಿದವನು ಸೆಲ್ವನ್‌ನಿಂದ ನೈಪಾಲ್‌ನ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ಗೆ ಹೋಗಬಹುದು. ನೀಲಗಾರರ ಹಾಡನ್ನು ರೆಕಾರ್ಡ್ ಮಾಡಿದ ಮಳವಳ್ಳಿಯ ಹುಡುಗ ಅದೇ ಕಥಾಭಾಗವನ್ನು ಇನ್ನೊಬ್ಬ ಹಾಡುಗಾರರಿಂದ ಕೇಳಿ ಎರಡನ್ನೂ ಪಕ್ಕಪಕ್ಕ ಇಡಬಹುದು. ಮದ್ದೂರಿನ ವಿದ್ಯಾರ್ಥಿನಿ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಿ 1938ರ ಸರ್ಕಾರಿ ಕಡತಗಳನ್ನು ತೆಗೆಸಬಹುದು, ಆ ತಿಂಗಳ ಪತ್ರಿಕೆಗಳನ್ನು ಓದಬಹುದು, ಶಿವಪುರದ ಸುತ್ತಲಿನ ಮನೆಗಳಲ್ಲಿ ಅಜ್ಜಿಯರ ಬಾಯಲ್ಲಿ ಉಳಿದ ನೆನಪನ್ನು ಬರೆದುಕೊಳ್ಳಬಹುದು. ಅಚ್ಚಕ್ಕ ಹೇಳುವ ಕಥೆಯಲ್ಲಿ ಹೆಂಗಸರು ಮುಂದೆ ನಿಂತು ಏಟು ತಿನ್ನುತ್ತಾರೆ. ಶಿವಪುರದ ದಾಖಲೆಗಳಲ್ಲಿ ಹೆಂಗಸರ ಹೆಸರು ಎಷ್ಟಿವೆ, ಎಲ್ಲೆಲ್ಲಿ ಇವೆ, ಯಾರು ಬರೆದಿಟ್ಟರು ಎಂಬುದನ್ನು ಹುಡುಕುವುದು ಅವಳ ಪಿಎಚ್.ಡಿ.ಯ ಮೊದಲ ಅಧ್ಯಾಯವಾಗಬಹುದು.